ಮೀಟಿಯರ್ 350 ಅಥವಾ ಸೂಪರ್ ಮೀಟಿಯರ್ 650: ಪೇಟೆಗೂ ಆಗುಂಬೆ ಘಾಟಿಗೂ ಯಾವುದು ಹೊಂದುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ವಯಸ್ಸು 41, ಎತ್ತರ 5 ಅಡಿ 3 ಅಂಗುಲ, ತೂಕ 58 ಕೆ.ಜಿ. ಕಾಲೇಜಿನ ದಿನಗಳಿಂದಲೂ ಗೇರಿನ ಬೈಕ್ ಓಡಿಸುತ್ತಿದ್ದೇನೆ, ಈಗಿರುವುದು 125 ಸಿಸಿಯದ್ದು. ದಿನಾ ವಿನೋಬನಗರದಿಂದ ನೆಹರೂ ರಸ್ತೆಯ ಶಾಖೆಗೆ ಹೋಗಿಬರಬೇಕು. ತಿಂಗಳಿಗೊಮ್ಮೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾರಿಯಾಗಿ ಉಡುಪಿಯ ತವರಿಗೆ ಹೋಗುತ್ತೇವೆ. ಹಿಂದೆ ನನ್ನ ಯಜಮಾನರು ಕೂರುತ್ತಾರೆ, ಅವರ ತೂಕ 80 ಕೆ.ಜಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಸೂಪರ್ ಮೀಟಿಯರ್ 650 ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ. ‘ಇಬ್ಬರು ಕೂತರೆ 350 ಘಾಟಿಯಲ್ಲಿ ದಮ್ಮು ಕಟ್ಟುತ್ತದೆ’ ಎನ್ನುತ್ತಾರೆ ಸಹೋದ್ಯೋಗಿಗಳು. ‘ಭಾರದ ಗಾಡಿ ತಿರುವಿನಲ್ಲಿ ರಸ್ತೆಗೆ ಕಚ್ಚಿಕೊಂಡು ಹೋಗುತ್ತದೆ’ ಎನ್ನುತ್ತಾನೆ ತಮ್ಮ. ‘650ರ ಸೀಟೇ ತಗ್ಗು, ನಿಮ್ಮ ಎತ್ತರಕ್ಕೆ ಅದೇ ಸರಿ’ ಎಂದರು ಷೋರೂಮಿನವರು. ನನಗೆ ಆಗಾಗ ಸೊಂಟ ನೋವು ಬರುವುದರಿಂದ ಇವೆರಡರಂತೆ ಸೀಟು ತಗ್ಗಾಗಿ, ಪಾದ ಮುಂದಕ್ಕಿರುವ ಕ್ರೂಸರ್ ಬೈಕ್ ಒಳ್ಳೆಯದು ಎಂದೂ ಕೇಳಿದ್ದೇನೆ. ಹಣ ಎರಡಕ್ಕೂ ಹೊಂದಿಸಬಹುದು. ಮಳೆಗಾಲ ಮುಗಿಯುವುದರೊಳಗೆ ಕೊಳ್ಳುವ ಯೋಚನೆಯಿದೆ. ನಿಮ್ಮ ಸಲಹೆ ಏನು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನರ ನಾಲ್ಕು ಮಾತುಗಳಿವೆ. ಒಂದೂ ಪೂರ್ತಿ ಸುಳ್ಳಲ್ಲ, ಆದರೆ ಒಂದೂ ನಿಮ್ಮನ್ನು ನೋಡಿ ಆಡಿದ ಮಾತಲ್ಲ. ಮೊದಲೇ ಹೇಳಿಬಿಡುತ್ತೇನೆ: ನೀವು ಬರೆದಿರುವ ದಾರಿ, ಎತ್ತರ ಮತ್ತು ಹಿಂದೆ ಕೂರುವವರ ತೂಕಕ್ಕೆ ನನ್ನ ಮತ 350ಕ್ಕೆ. 650 ಕೆಟ್ಟ ಗಾಡಿ ಎಂದು ಹೀಗೆ ಹೇಳುತ್ತಿಲ್ಲ. ರಿಪೇರಿಗೆ ಬಂದ ಎರಡನ್ನೂ ಓಡಿಸಿ ನೋಡಿದವನಾಗಿ, 650ರ ಎಂಜಿನ್ ನನಗೆ ಹೆಚ್ಚು ಇಷ್ಟ. ಆದರೆ ನಿಮ್ಮ ವಿಷಯದಲ್ಲಿ ಗಾಡಿ ಓಡುವಾಗ ಹೇಗಿರುತ್ತದೆ ಎಂಬುದಕ್ಕಿಂತ ನಿಲ್ಲುವಾಗ ಹೇಗಿರುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಮೊದಲು ದಮ್ಮಿನ ಮಾತು. ಮೀಟಿಯರ್ 350ರ ತೂಕ 191 ಕೆ.ಜಿ. ನಿಮ್ಮಿಬ್ಬರದು 138, ಬ್ಯಾಗು ಹತ್ತು ಕೆ.ಜಿ. ಎಂದು ಹಿಡಿದರೆ ಒಟ್ಟು ಸುಮಾರು 340. ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಮೇಲೇರುವ ರಸ್ತೆಯಲ್ಲಿ ಇಷ್ಟು ಭಾರವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಿಸಲು, ಗಾಳಿಯ ತಡೆ, ಟೈರಿನ ತಡೆ ಎಲ್ಲ ಸೇರಿ ಬೇಕಾಗುವುದು ಐದು ಅಶ್ವಶಕ್ತಿಯ ಆಸುಪಾಸು. 350ರ ಎಂಜಿನ್ 4,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, 27 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಅಂದರೆ ಆ ಹೊತ್ತಿಗೆ ಅದರ ಕೈಯಲ್ಲಿ 15 ಅಶ್ವಶಕ್ತಿ ಇರುತ್ತದೆ. 6,100ಕ್ಕೆ ಹೋದರೆ 20.2. ಏರು ಇನ್ನಷ್ಟು ಕಡಿದಾಗಿದ್ದರೂ ಲೆಕ್ಕಕ್ಕೆ ಕೊರತೆಯಿಲ್ಲ.

ಹಾಗಾದರೆ ದಮ್ಮು ಕಟ್ಟುವುದು ಯಾರಿಗೆ? ನಾಲ್ಕನೇ ಗೇರಿನಲ್ಲಿ ತಿರುವಿಗೆ ಬಂದು, ಗೇರು ಇಳಿಸದೆ, 1,500 ಆರ್‌ಪಿಎಂನಲ್ಲಿ ಎಕ್ಸಲೇಟರ್ ಪೂರ್ತಿ ತಿರುಗಿಸಿ ‘ಎಳೀತಿಲ್ಲ’ ಎನ್ನುವವರಿಗೆ. ಅಷ್ಟು ಕೆಳಗೆ ಯಾವ ಸಿಂಗಲ್ ಸಿಲಿಂಡರ್ ಎಂಜಿನ್ನೂ ಗುದ್ದಿಕೊಂಡೇ ಓಡುತ್ತದೆ. ಕ್ಲಚ್ ಪ್ಲೇಟ್ ಸವೆದಿದೆ ಎಂದು ನನ್ನ ಬಳಿ ಬರುವ 350ಗಳಲ್ಲಿ ಎಷ್ಟೋ ಘಾಟಿಯಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತಿಸಿದಂಥವು. ಹೇರ್‌ಪಿನ್ ತಿರುವಿಗೆ ಮೊದಲೇ ಎರಡನೇ ಗೇರಿಗೆ, ತೀರಾ ಕಿರಿದಾಗಿದ್ದರೆ ಒಂದನೇ ಗೇರಿಗೆ ಇಳಿಸಿಕೊಂಡರೆ ಈ ದೂರು ಇರುವುದಿಲ್ಲ. ನೀವು 125 ಸಿಸಿಯಲ್ಲಿ ಈ ದಾರಿ ಹತ್ತಿದವರು, ಗೇರು ಬದಲಿಸಲು ಬೇಸರಪಡುವವರಲ್ಲ ಎಂದುಕೊಳ್ಳುತ್ತೇನೆ.

ಸಹೋದ್ಯೋಗಿಗಳ ಮಾತಿನಲ್ಲಿ ನಿಜ ಇರುವುದು ಇನ್ನೊಂದು ಕಡೆ. ಗಂಟೆಗೆ 70 ಕಿ.ಮೀ.ನಲ್ಲಿ ಹೋಗುತ್ತಿರುವ ಬಸ್ಸನ್ನು ಇಬ್ಬರನ್ನು ಹೊತ್ತು ಹಿಂದೆ ಹಾಕಬೇಕೆಂದರೆ 350ಕ್ಕೆ ಉದ್ದದ ಖಾಲಿ ರಸ್ತೆ ಬೇಕು. 650ಕ್ಕೆ ಬೇಡ. ಅದರ 648 ಸಿಸಿ ಎರಡು ಸಿಲಿಂಡರ್ ಎಂಜಿನ್ನಿಗೆ 47 ಅಶ್ವಶಕ್ತಿ, 52.3 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು. ಗಾಜನೂರು ದಾಟಿ ಸಕ್ರೆಬೈಲು, ಮಂಡಗದ್ದೆ ಕಡೆ ತುಂಗೆಯ ಪಕ್ಕದಲ್ಲಿ ಉದ್ದುದ್ದಕ್ಕೆ ಬಳುಕುವ ರಸ್ತೆಯಿದೆಯಲ್ಲ, ಅಲ್ಲಿ 650 ಹೋಗುವ ಚೆಂದವೇ ಬೇರೆ. ನೀವು ಪ್ರತಿ ವಾರ ಬೆಂಗಳೂರಿಗೆ ಹೋಗಿಬರುವವರಾಗಿದ್ದರೆ ಈ ಉತ್ತರ ಇಲ್ಲಿಗೇ ಮುಗಿದು 650 ಗೆಲ್ಲುತ್ತಿತ್ತು.

ಈಗ ತಮ್ಮನ ಮಾತು. ಭಾರದ ಗಾಡಿ ನೇರ ರಸ್ತೆಯಲ್ಲಿ, ಎದುರು ಗಾಳಿಯಲ್ಲಿ ಅಲುಗಾಡದೆ ಹೋಗುತ್ತದೆ ಎಂಬುದು ಸರಿ. ತಿರುವಿನಲ್ಲಿ ಹೆಚ್ಚು ಕಚ್ಚಿಕೊಳ್ಳುತ್ತದೆ ಎಂಬುದು ಸರಿಯಲ್ಲ. ಭಾರ ಹೆಚ್ಚಿದಷ್ಟು ಟೈರಿನ ಹಿಡಿತ ಹೆಚ್ಚುತ್ತದೆ, ನಿಜ. ಗಾಡಿಯನ್ನು ತಿರುವಿನ ಹೊರಕ್ಕೆ ತಳ್ಳುವ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಒಂದಕ್ಕೊಂದು ವಜಾ. ಗಾಡಿ ಎಷ್ಟು ಓರೆಯಾಗಬೇಕು ಎಂಬುದನ್ನು ನಿರ್ಧರಿಸುವುದು ವೇಗ ಮತ್ತು ತಿರುವಿನ ತ್ರಿಜ್ಯ ಮಾತ್ರ, ಆ ಲೆಕ್ಕದಲ್ಲಿ ತೂಕಕ್ಕೆ ಜಾಗವೇ ಇಲ್ಲ. ತಿರುವಿನ ತ್ರಿಜ್ಯ 15 ಮೀಟರ್ ಎಂದುಕೊಳ್ಳಿ. ಗಂಟೆಗೆ 20 ಕಿ.ಮೀ.ನಲ್ಲಿ ಹೋದರೆ ಸುಮಾರು 12 ಡಿಗ್ರಿ ಓರೆಯಾದರೆ ಸಾಕು. ಅದೇ ತಿರುವಿಗೆ 35ರಲ್ಲಿ ಬಂದರೆ 33 ಡಿಗ್ರಿ ಬೇಕು. ವೇಗ ದುಪ್ಪಟ್ಟೂ ಆಗಿಲ್ಲ, ಓರೆ ಸುಮಾರು ಮೂರು ಪಟ್ಟಾಯಿತು.

ಕ್ರೂಸರ್‌ಗಳಿಗೆ ಇದು ಮುಖ್ಯ. ಇವುಗಳ ಫುಟ್‌ರೆಸ್ಟ್ ಮುಂದಕ್ಕೂ ತಗ್ಗಿನಲ್ಲೂ ಇರುವುದರಿಂದ ಬೇರೆ ಬೈಕುಗಳಿಗಿಂತ ಬೇಗ ನೆಲಕ್ಕೆ ತಾಗುತ್ತವೆ. ಮೀಟಿಯರ್ 350ಕ್ಕೆ ನೆಲದಿಂದ 170 ಮಿ.ಮೀ. ಅಂತರವಿದೆ, ಸೂಪರ್ ಮೀಟಿಯರ್‌ಗೆ 135. ಹಿಂದೆ 80 ಕೆ.ಜಿ. ಕೂತ ಮೇಲೆ ಎರಡೂ ಇನ್ನಷ್ಟು ತಗ್ಗುತ್ತವೆ. ಫುಟ್‌ರೆಸ್ಟ್ ಉಜ್ಜಿದರೆ ಅದು ಮಡಚಿಕೊಳ್ಳುತ್ತದೆ, ಗರ್ ಎಂಬ ಸದ್ದು ಬರುತ್ತದೆ. ಅದು ಎಚ್ಚರಿಕೆಯ ಗಂಟೆ, ಗಾಬರಿಯಾಗಿ ಬ್ರೇಕ್ ಒತ್ತಬಾರದು. ಆದರೆ ಅದಕ್ಕೂ ಆಚೆ ಸೈಡ್ ಸ್ಟ್ಯಾಂಡೋ ಸೈಲೆನ್ಸರೋ ತಾಗಿದರೆ ಅವು ಮಡಚಿಕೊಳ್ಳುವುದಿಲ್ಲ, ಹಿಂಚಕ್ರವನ್ನೇ ನೆಲದಿಂದ ಎತ್ತಿಬಿಡುತ್ತವೆ.

135 ಮಿ.ಮೀ. ಅಂತರ ಊರೊಳಗೂ ಕಾಡುತ್ತದೆ. ರಸ್ತೆಗಳ ಅಳತೆ ಹೇಗಿರಬೇಕೆಂದು ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೇಲೆ ಗುಂಡಗೆ. ಅಂಥದ್ದರ ಮೇಲೆ ಎರಡೂ ಗಾಡಿ ನಿರಾಯಾಸವಾಗಿ ದಾಟುತ್ತವೆ. ನಮ್ಮ ಬಡಾವಣೆಗಳಲ್ಲಿ ಶಾಲೆ ಮುಂದೆ, ಗುಡಿ ಮುಂದೆ ರಾತ್ರೋರಾತ್ರಿ ಹುಟ್ಟಿಕೊಳ್ಳುವ ದಿಬ್ಬಗಳಿಗೆ ಆ ಅಳತೆ ಗೊತ್ತಿಲ್ಲ. ಗಿಡ್ಡ ಅಗಲದ, ಕಡಿದಾದ ಹಂಪ್ ಮೇಲೆ ಇಬ್ಬರು ಕೂತ 650ರ ಹೊಟ್ಟೆ ತಾಗುವುದು ಅಪರೂಪವಲ್ಲ. ಸ್ವಲ್ಪ ಓರೆಯಾಗಿ, ನಿಧಾನಕ್ಕೆ ಹತ್ತಿಸಿದರೆ ಪಾರಾಗಬಹುದು, ಆದರೆ ದಿನವೂ ಅದೇ ಕಸರತ್ತು.

ಇನ್ನು ಸೀಟಿನ ಎತ್ತರ. ಷೋರೂಮಿನವರು ಹೇಳಿದ ಅಂಕಿ ಸರಿ: 650ರ ಸೀಟು 740 ಮಿ.ಮೀ., 350ರದು 765. ವ್ಯತ್ಯಾಸ ಎರಡೂವರೆ ಸೆಂಟಿಮೀಟರ್. ಷೋರೂಮಿನ ಟೈಲ್ಸ್ ನೆಲದ ಮೇಲೆ ನಿಮ್ಮ ಎರಡೂ ಪಾದ 650ರಲ್ಲಿ ಚೆನ್ನಾಗಿ ಊರುತ್ತವೆ, ಅದನ್ನು ನೋಡಿಯೇ ಅವರು ಹೇಳಿದ್ದು. ಆದರೆ ಗಾಡಿ ಕೈಮೀರುವುದು ಟೈಲ್ಸ್ ಮೇಲಲ್ಲ.

ಉಡುಪಿಯಿಂದ ಹಿಂದಿರುಗುವಾಗಿನ ಒಂದು ಕ್ಷಣವನ್ನು ತೆಗೆದುಕೊಳ್ಳಿ. ಸೋಮೇಶ್ವರ ಬಿಟ್ಟು ಘಾಟಿ ಹತ್ತುತ್ತಿದ್ದೀರಿ. ಎಡಕ್ಕೆ ಹೊರಳುವ ಹೇರ್‌ಪಿನ್. ಮೇಲಿನಿಂದ ಬಸ್ಸು ಬಂತು, ತಿರುಗಲು ಅದಕ್ಕೆ ಇಡೀ ರಸ್ತೆ ಬೇಕು. ನೀವು ತಿರುವಿನ ಒಳಮೈಯಲ್ಲಿ ನಿಲ್ಲಲೇಬೇಕು. ಒಳಮೈಯಲ್ಲಿ ಏರು ಹೆಚ್ಚು ಕಡಿದು, ಏಕೆಂದರೆ ಹೊರಗಿನ ಉದ್ದ ದಾರಿ ಹತ್ತುವಷ್ಟೇ ಎತ್ತರವನ್ನು ಒಳಗಿನ ಗಿಡ್ಡ ದಾರಿ ಹತ್ತಬೇಕು. ಗಾಡಿ ಹಿಂದಕ್ಕೆ ಜಾರದಿರಲು ಬಲಗಾಲು ಹಿಂದಿನ ಬ್ರೇಕ್ ಮೇಲೆ ಇರಬೇಕು. ಉಳಿದದ್ದು ಎಡಗಾಲು ಒಂದೇ. ರಸ್ತೆಯೋ ಎಡಕ್ಕೇ ಇಳಿಜಾರು. ಟೈರಿನ ಗೆರೆಯಿಂದ ನಿಮ್ಮ ಪಾದ 40 ಸೆಂ.ಮೀ. ಆಚೆ ಊರುತ್ತದೆ ಎಂದುಕೊಂಡರೆ, ಹತ್ತು ಪರ್ಸೆಂಟ್ ಅಡ್ಡ ಇಳಿಜಾರಿನಲ್ಲಿ ಅಲ್ಲಿ ನೆಲ ನಾಲ್ಕು ಸೆಂ.ಮೀ. ಕೆಳಗಿರುತ್ತದೆ. ಸೀಟು ತಗ್ಗಾದದ್ದರಿಂದ ಉಳಿಸಿದ ಎರಡೂವರೆ ಸೆಂ.ಮೀ. ಅಲ್ಲೇ ಹೋಯಿತು. ಎಡಗಾಲ ಮೇಲೆ ವಾಲುವುದು 350 ಆಗಿದ್ದರೆ ಸವಾರರು ಸೇರಿ 340 ಕೆ.ಜಿ., 650 ಆಗಿದ್ದರೆ 390. ಅದರಲ್ಲೂ 80 ಕೆ.ಜಿ. ಮೇಲ್ಗಡೆ, ನಿಮ್ಮ ಬೆನ್ನ ಹಿಂದೆ. ಅವರು ಬಸ್ಸನ್ನು ನೋಡಲು ಪಕ್ಕಕ್ಕೆ ಬಗ್ಗಿದರೂ ಸಾಕು.

ಓಡುವಾಗ 650ರ ತೂಕ ಗೊತ್ತೇ ಆಗುವುದಿಲ್ಲ. ಬಿದ್ದು ಹ್ಯಾಂಡಲ್, ಲಿವರ್, ಇಂಡಿಕೇಟರ್ ಮುರಿದುಕೊಂಡು ನನ್ನಲ್ಲಿಗೆ ಬರುವ ಭಾರದ ಗಾಡಿಗಳು ಹೆಚ್ಚಿನಂಶ ನಿಂತಲ್ಲೇ ಬಿದ್ದವು: ಯೂ-ಟರ್ನ್‌ನಲ್ಲಿ, ಪೆಟ್ರೋಲ್ ಬಂಕಿನ ಜಲ್ಲಿ ಮೇಲೆ, ಇಳಿಜಾರಿನ ಪಾರ್ಕಿಂಗಿನಲ್ಲಿ. ಘಾಟಿಯಲ್ಲಿ ನಿಂತಲ್ಲೇ ಬೀಳುವುದು ಬರೀ ಲಿವರಿನ ಖರ್ಚಿನಲ್ಲಿ ಮುಗಿಯುತ್ತದೆ ಎಂದು ಹೇಳಲಾಗದು.

ಇದೇ ಕಾರಣ ಪೇಟೆಗೂ ಅನ್ವಯಿಸುತ್ತದೆ. ಗಾಂಧಿ ಬಜಾರಿಗೆ ಹೋದರೆ ಗಾಡಿಯನ್ನು ಎರಡು ಸ್ಕೂಟರಿನ ನಡುವೆ ಹಿಮ್ಮುಖವಾಗಿ ತಳ್ಳಿ ನಿಲ್ಲಿಸಬೇಕು. 241 ಕೆ.ಜಿ.ಯ ಗಾಡಿಯನ್ನು ರಸ್ತೆಯ ಸ್ವಲ್ಪ ಏರಿಗೆ ಹಿಂದಕ್ಕೆ ತಳ್ಳುವುದು 58 ಕೆ.ಜಿ.ಯವರಿಗೆ ಸುಲಭವಲ್ಲ, ನನಗೂ ಅಲ್ಲ. ಎರಡು ಚಕ್ರಗಳ ನಡುವಿನ ಅಂತರ 350ಕ್ಕೆ 1,400 ಮಿ.ಮೀ., 650ಕ್ಕೆ 1,500, ಹಾಗಾಗಿ ತಿರುಗಲೂ ಅದಕ್ಕೆ ಹೆಚ್ಚು ಜಾಗ ಬೇಕು. ಸಿಗ್ನಲ್‌ನಲ್ಲಿ ನಿಂತಾಗ ದೊಡ್ಡ ಎಂಜಿನ್ನಿನ ಬಿಸಿ ಕಾಲಿಗೆ ತಟ್ಟುತ್ತದೆ, ಏಪ್ರಿಲ್‌ನಲ್ಲಂತೂ ಚೆನ್ನಾಗಿಯೇ ಗೊತ್ತಾಗುತ್ತದೆ.

ಸೊಂಟದ ವಿಷಯಕ್ಕೆ ಬರೋಣ. ನಾನು ವೈದ್ಯನಲ್ಲ, ನೋವಿಗೆ ಕಾರಣ ಏನೆಂದು ನಿಮ್ಮ ವೈದ್ಯರನ್ನೇ ಕೇಳಿ. ಗಾಡಿಯ ಕಡೆಯಿಂದ ಹೇಳಬಲ್ಲೆ. ಕ್ರೂಸರ್ ಎಂದರೆ ಆರಾಮ ಎಂಬ ಮಾತು ನುಣುಪಾದ ರಸ್ತೆಗಳ ದೇಶದಲ್ಲಿ ಹುಟ್ಟಿದ್ದು. ಸಾಮಾನ್ಯ ಬೈಕಿನಲ್ಲಿ ಪಾದ ದೇಹದ ಕೆಳಗೇ ಇರುತ್ತದೆ. ಗುಂಡಿ ಕಂಡರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಷ್ಟು ಏಳಬಹುದು, ಏಟನ್ನು ಮೊಣಕಾಲು ನುಂಗುತ್ತದೆ. ಕ್ರೂಸರಿನಲ್ಲಿ ಪಾದ ಮುಂದೆ, ಭಾರವೆಲ್ಲ ಬಾಲಮೂಳೆಯ ಮೇಲೆ. ಏಳಲು ಆಗುವುದಿಲ್ಲ, ಗುಂಡಿಯ ಏಟು ನೇರ ಸೊಂಟಕ್ಕೆ. 650ರ ಹಿಂದಿನ ಸಸ್ಪೆನ್ಷನ್ ಚಲಿಸುವುದು 101 ಮಿ.ಮೀ. ಮಾತ್ರ. ಮಳೆಗಾಲ ಕಳೆದ ಮೇಲಿನ ನಮ್ಮ ರಸ್ತೆಗಳಿಗೆ ಅದು ಕಡಿಮೆಯೇ. ಅದರ ಮುಂಚಕ್ರದ ಸಸ್ಪೆನ್ಷನ್, ಷೋವಾ ಕಂಪನಿಯ ಫೋರ್ಕ್, 350ರದಕ್ಕಿಂತ ಮೇಲು, ಒಪ್ಪುತ್ತೇನೆ. ಆದರೆ ನಿಮ್ಮ ಸೊಂಟಕ್ಕೆ ಸಂಬಂಧಪಟ್ಟದ್ದು ಹಿಂದಿನದು. 350ರಲ್ಲೂ ಪಾದ ಮುಂದೆಯೇ ಇದೆ, ಅಷ್ಟು ದೂರವಲ್ಲ.

ಆದ್ದರಿಂದ ನೀವು ಕೇಳದಿದ್ದರೂ ಮೂರನೇ ದಾರಿಯನ್ನು ಹೇಳಬೇಕಾಗಿದೆ. ಸೊಂಟ ನೋವು ಪದೇ ಪದೇ ಬರುವುದಾದರೆ ಕ್ರೂಸರನ್ನೇ ಬಿಟ್ಟು, ಇದೇ 349 ಸಿಸಿ ಎಂಜಿನ್ನಿನ ಹಂಟರ್ 350ರ ಮೇಲೆ ಒಮ್ಮೆ ಕೂತು ನೋಡಿ. ತೂಕ 181 ಕೆ.ಜಿ., ಪಾದ ಕೆಳಗೇ ಬರುತ್ತದೆ, ಕಿರಿದಾದ ತಿರುವಿನಲ್ಲಿ ಚುರುಕು. ಆದರೆ ಸೀಟು 790 ಮಿ.ಮೀ., ನಿಮಗೆ ತುದಿಗಾಲು ಆಗಬಹುದು, ಮತ್ತು ಹಿಂದಿನ ಸೀಟು ನಿಮ್ಮ ಯಜಮಾನರಿಗೆ ಅಷ್ಟು ಹಿಡಿಸಲಾರದು. ಕ್ಲಾಸಿಕ್ 350 ಇನ್ನೂ ಎತ್ತರ, 805. ಸೊಂಟ ಒಂದು ಕಡೆ ಎಳೆದರೆ ಕಾಲಿನ ಉದ್ದ ಇನ್ನೊಂದು ಕಡೆ ಎಳೆಯುತ್ತದೆ. ಕೊನೆಗೆ ಮೀಟಿಯರ್ 350 ನಡುವಿನ ದಾರಿಯಾಗಿ ಉಳಿಯುವುದು ಇದಕ್ಕೇ.

ಘಾಟಿ ಇಳಿಯುವ ಬಗ್ಗೆ ನೀವು ಕೇಳಿಲ್ಲ. ಎಲ್ಲರೂ ಹತ್ತುವುದನ್ನೇ ಚಿಂತಿಸುತ್ತಾರೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ಇಳಿಯುವಾಗ ಬ್ರೇಕ್ ಹಿಡಿದೇ ಇಳಿದರೆ ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕಾದು, ಲಿವರ್ ಸ್ಪಂಜಿನಂತೆ ಒಳಕ್ಕೆ ಹೋಗತೊಡಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು, ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಮಲೆನಾಡಿನ ತೇವದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಸರ್ವಿಸ್ ಬಿಲ್ಲಿನಲ್ಲಿ ಇದನ್ನು ಹೊಡೆದುಹಾಕಿಸಿ ಹಣ ಉಳಿಸುವವರನ್ನು ಬಹಳ ನೋಡಿದ್ದೇನೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ, ತಿರುವಿಗೆ ಮುಂಚೆ ನೇರದಲ್ಲಿ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡಿ. ಎರಡೂ ಗಾಡಿಗೆ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಂತು ಜಾರದಂತೆ ತಡೆಯುವ ಎಬಿಎಸ್ ಎರಡು ಚಕ್ರಕ್ಕೂ ಇದೆ. ಆದರೆ ಅದು ನೇರ ನಿಂತ ಗಾಡಿಗೆ ಮಾಡಿದ್ದು. ಓರೆಯಾದಾಗ ಪಾಚಿ ಮೇಲೋ ಒದ್ದೆ ಎಲೆ ಮೇಲೋ ಬ್ರೇಕ್ ಒತ್ತಿದರೆ ಅದು ಕೈಹಿಡಿಯುತ್ತದೆ ಎಂದು ನಂಬಬೇಡಿ.

ಇಳಿಯುವಾಗ ಹಿಂದೆ ಕೂತವರು ಮುಂದಕ್ಕೆ ಜಾರುತ್ತಾರೆ. ಸವಾರರಿಗಿಂತ 22 ಕೆ.ಜಿ. ಹೆಚ್ಚು ತೂಗುವವರು ಬೆನ್ನಿಗೆ ಒರಗಿದರೆ ಆ ಭಾರ ನಿಮ್ಮ ತೋಳಿನ ಮೂಲಕ ಹ್ಯಾಂಡಲಿಗೆ ಹೋಗುತ್ತದೆ, ತೋಳು ಬಿಗಿಯಾದರೆ ಗಾಡಿ ತಿರುಗುವುದಿಲ್ಲ. ಅವರು ನಿಮ್ಮ ಸೊಂಟ ಹಿಡಿಯುವುದರ ಬದಲು ಹಿಂದಿನ ಗ್ರ್ಯಾಬ್ ರೈಲ್ ಹಿಡಿದು, ಮೊಣಕಾಲನ್ನು ಒತ್ತಿಕೊಂಡು ಕೂರಲಿ. ಬ್ಯಾಗುಗಳನ್ನು ಪಕ್ಕದಲ್ಲಿ ತಗ್ಗಿಗೆ ಕಟ್ಟಿ. ಹಿಂಚಕ್ರಕ್ಕಿಂತ ಹಿಂದೆ ಪೆಟ್ಟಿಗೆ ಹೇರಿದರೆ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ.

ಹಣಕ್ಕೆ ತೊಂದರೆಯಿಲ್ಲ ಎಂದಿದ್ದೀರಿ. ಆದರೂ 350 ಸಿಸಿ ಎಂಬ ಗೆರೆ ಈಗ ಎಷ್ಟು ದೊಡ್ಡದಾಗಿದೆ ಎಂದು ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಷೋರೂಮ್ ಬೆಲೆ 350ರದು ಎರಡು ಲಕ್ಷದ ಆಚೀಚೆ, 650ರದು ನಾಲ್ಕರ ಆಚೀಚೆ. ನಮ್ಮ ರಾಜ್ಯದ ಆಜೀವ ತೆರಿಗೆ ಬೆಲೆಯ ಮೇಲೆ ಶೇಕಡಾ ಲೆಕ್ಕ, ಹಾಗಾಗಿ ಅಂತರ ಇನ್ನೂ ಹಿಗ್ಗುತ್ತದೆ. ಹೊಸ ಗಾಡಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2022ರ ದರಪಟ್ಟಿಯಂತೆ 350 ಸಿಸಿ ಒಳಗೆ 7,365 ರೂಪಾಯಿ, ಮೇಲೆ 15,117, ತೆರಿಗೆ ಬೇರೆ. ಪೆಟ್ರೋಲ್ ಲೆಕ್ಕ ನಿಮಗೇ ಗೊತ್ತು: ಲೀಟರಿಗೆ 350ರಲ್ಲಿ ಮೂವತ್ತು ಕಿ.ಮೀ. ದಾಟುತ್ತದೆ, 650ರಲ್ಲಿ ಇಪ್ಪತ್ತೈದರ ಆಸುಪಾಸು.

ಇಷ್ಟೆಲ್ಲ ಓದಿಯೂ ಮನಸ್ಸು 650ರ ಕಡೆಗೇ ಎಳೆದರೆ ಅದನ್ನು ಹುಚ್ಚು ಎನ್ನಲಾರೆ. ಒಂದು ಪರೀಕ್ಷೆ ಮಾಡಿ. ಟೆಸ್ಟ್ ರೈಡ್ ಎಂದು ಬಿ.ಎಚ್. ರಸ್ತೆಯಲ್ಲಿ ನೇರ ಹೋಗಿಬಂದರೆ ಏನೂ ತಿಳಿಯುವುದಿಲ್ಲ, ಅಲ್ಲಿ ಎಲ್ಲರಿಗೂ 650ಯೇ ಇಷ್ಟವಾಗುತ್ತದೆ. ಯಜಮಾನರನ್ನು ಹಿಂದೆ ಕೂರಿಸಿಕೊಂಡು ಏರು ರಸ್ತೆಯೊಂದಕ್ಕೆ ಹೋಗಿ, ಎಡಬದಿ ತಗ್ಗಿರುವ ಕಡೆ ಬೇಕೆಂದೇ ನಿಲ್ಲಿಸಿ, ಬಲಗಾಲು ಬ್ರೇಕ್ ಮೇಲಿಟ್ಟು ಮತ್ತೆ ಹೊರಡಿ. ಆಮೇಲೆ ಒಬ್ಬರೇ ಹ್ಯಾಂಡಲ್ ಪೂರ್ತಿ ತಿರುಗಿಸಿ ಯೂ-ಟರ್ನ್ ಮಾಡಿ. ಎಂಜಿನ್ ಆಫ್ ಮಾಡಿ ಹಿಮ್ಮುಖವಾಗಿ ತಳ್ಳಿ ಸಾಲಿನಲ್ಲಿ ನಿಲ್ಲಿಸಿ. ಇದೆಲ್ಲವನ್ನೂ 350ರಲ್ಲಿಯೂ ಮಾಡಿ. ಮಾರಾಟದ ಹುಡುಗ ಗಾಡಿ ಹಿಡಿಯಲು ಓಡಿಬಂದರೆ ದೂರ ನಿಲ್ಲಲು ಹೇಳಿ. 650ರಲ್ಲಿ ಮೂರೂ ನಿರಾಳವಾಗಿ ಆದರೆ ಅದನ್ನೇ ಕೊಳ್ಳಿ, ನನ್ನ ಆಕ್ಷೇಪಣೆಯಿಲ್ಲ. ಎಡಗಾಲು ಒಮ್ಮೆ ನಡುಗಿದರೂ ಘಾಟಿಯಲ್ಲಿ ಅದು ಹೆಚ್ಚೇ ಆಗುತ್ತದೆ.

350 ಆದರೆ 2025ರಲ್ಲಿ ಬಂದ, ಲಿವರ್ ಹಗುರಾಗಿ ಒತ್ತಬಹುದಾದ ಸ್ಲಿಪ್ ಅಸಿಸ್ಟ್ ಕ್ಲಚ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ನೆಹರೂ ರಸ್ತೆಯ ನಿಂತು-ಹೋಗುವ ಓಡಾಟಕ್ಕೆ ಎಡಗೈಗೆ ಅದರಿಂದ ಒಳ್ಳೆಯ ಆರಾಮ. ಟೈರ್ ಟ್ಯೂಬ್‌ಲೆಸ್ ಇರಲಿ, ಆಗುಂಬೆ ಕಾಡಿನಲ್ಲಿ ಟ್ಯೂಬ್ ಬಿಚ್ಚುವ ಕೆಲಸ ಯಾರಿಗೂ ಬೇಡ. ಇಬ್ಬರು ಹೋಗುವ ದಿನ ಹಿಂದಿನ ಸ್ಪ್ರಿಂಗಿನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಎಂಬ ಹೊಂದಾಣಿಕೆ) ಬಿಗಿ ಮಾಡಿಸಿ, ಹಿಂದಿನ ಟೈರಿಗೆ ಗಾಡಿಯ ಸ್ಟಿಕರಿನಲ್ಲಿ ಬರೆದಿರುವ ಇಬ್ಬರ ಲೆಕ್ಕದ ಗಾಳಿ ತುಂಬಿಸಿ.

ಯಾವಾಗ ಕೊಳ್ಳುವುದು ಎಂಬುದಕ್ಕೆ: ಮಳೆಗಾಲ ಮುಗಿಯುವುದರೊಳಗೆ ಬೇಡ, ಮುಗಿದ ಮೇಲೆ. ಹೊಸ ಟೈರಿನ ಮೇಲ್ಮೈ ಮೊದಲ ನೂರೈವತ್ತು ಕಿ.ಮೀ.ವರೆಗೆ ನುಣುಪು, ಹಿಡಿತ ಕಡಿಮೆ. ಹೊಸ ಬ್ರೇಕ್ ಪ್ಯಾಡುಗಳೂ ಡಿಸ್ಕಿಗೆ ಕೂರಬೇಕು. ಅದರ ಜೊತೆಗೆ ಹೊಸ ತೂಕ, ಹೊಸ ಸೀಟು, ಆಗುಂಬೆಯ ಮಳೆ, ಹಿಂದೆ 80 ಕೆ.ಜಿ. ಎಲ್ಲ ಒಟ್ಟಿಗೆ ಬರುವುದು ಬೇಡ. ದಸರಾ ಹೊತ್ತಿಗೆ ಡೆಲಿವರಿ ತೆಗೆದುಕೊಂಡು, ಮೊದಲ ಸರ್ವಿಸ್ ಆಗುವವರೆಗೆ ಊರೊಳಗೆ ಒಬ್ಬರೇ ಓಡಿಸಿ. ಆಮೇಲೆ ತೀರ್ಥಹಳ್ಳಿವರೆಗೆ ಇಬ್ಬರು ಹೋಗಿಬನ್ನಿ, ಘಾಟಿ ಅದರ ಮುಂದಿನ ತಿಂಗಳು. ಅಲ್ಲಿಯವರೆಗೆ ನಿಮ್ಮ 125 ಮಾರಬೇಡಿ.